ಕಣ್ಣಾರೆ ಕಂಡ ದಾಸ್ತಾನು

ದೇವದುರ್ಗ
9 ಜೂನ್ 2025

ಇವರಿಗೆ,
ನಿಯಮಪಾಲನೆ ವಿಭಾಗ,
ಪಶ್ಚಿಮ ಸರಕು ವಾಯಿದಾ ಪೇಟೆ, ಮುಂಬಯಿ.

ವಿಷಯ: ಕಾಗದಪತ್ರಗಳ ಹೊರೆಯ ಬಗ್ಗೆ ಸಾರ್ವಜನಿಕ ಅಭಿಪ್ರಾಯ

ಮಾನ್ಯರೆ,

ವಾಯಿದಾ ಪೇಟೆಗಳು ತಮ್ಮಲ್ಲಿ ವ್ಯಾಪಾರ ಮಾಡುವವರಿಂದ ಎಷ್ಟು ಕಾಗದ ತುಂಬಿಸಿಕೊಳ್ಳುತ್ತವೆ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವುದನ್ನು ಕೈಬಿಡಬಹುದು ಎಂದು ಜನರನ್ನೇ ಕೇಳಬೇಕೆಂದು ನಿಯಂತ್ರಣ ಮಂಡಳಿ ನಿಮಗೆ ತಿಳಿಸಿದೆ ಎಂದು ನಿಮ್ಮ ಪ್ರಕಟಣೆಯಲ್ಲಿ ಓದಿದೆ. ಆಗಸ್ಟ್ ಹದಿನಾಲ್ಕರವರೆಗೆ ಯಾರು ಬೇಕಾದರೂ ಬರೆಯಬಹುದು ಎಂದಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ದೇವದುರ್ಗದ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ದಾಖಲೆ ನೋಡಿಕೊಳ್ಳುವವಳು. ಹತ್ತಿ ಬೆಳೆಯುವ ಆರುನೂರ ನಲವತ್ತು ಮನೆಗಳು ಸೇರಿ ಕಟ್ಟಿದ ಕಂಪನಿ. ಮುಂದಿನ ತಿಂಗಳುಗಳ ದರವನ್ನು ಈಗಲೇ ಗೊತ್ತುಮಾಡಿಕೊಳ್ಳಲು ನಿಮ್ಮ ಪೇಟೆಯಲ್ಲಿ ಮಾರುತ್ತೇವೆ. ದರ ಕುಸಿದರೂ ಬಿತ್ತಿದವರು ಕುಸಿಯಬಾರದು, ಅಷ್ಟೇ ಉದ್ದೇಶ.

ಇದಕ್ಕಾಗಿ ನಾನು ತುಂಬುವ ನಮೂನೆಗಳು ಹನ್ನೊಂದು. ಹತ್ತರ ಬಗ್ಗೆ ದೂರಿಲ್ಲ. ಹೊತ್ತು ತಿನ್ನುತ್ತವೆ, ಆದರೆ ತುಂಬಬಹುದು. ಹನ್ನೊಂದನೆಯದು ದೈನಿಕ ದಾಸ್ತಾನು ದೃಢೀಕರಣ. ಭಾನುವಾರವೂ ಸೇರಿ ದಿನಾ ಸಂಜೆ ಐದರೊಳಗೆ ಕಳಿಸಬೇಕು. ಗೋದಾಮಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಒಂದರ ಮೇಲೊಂದು ಪೇರಿಸಿದ ಎಂಟು ಥಪ್ಪಿಗಳಿದ್ದರೆ, ಪ್ರತಿ ಥಪ್ಪಿಯ ಮೇಲಿನ ಸಾಲಿನ ನಂಬರಿನ ಬಿಲ್ಲೆಗಳು ಕಾಣುವಂತೆ ಅದೇ ದಿನ ತೆಗೆದ ಎಂಟು ಚಿತ್ರಗಳು ಬೇಕು. ಕೊನೆಯಲ್ಲಿ ಒಂದು ಸಾಲು: “ಮೇಲ್ಕಂಡ ದಾಸ್ತಾನನ್ನು ಈ ದಿನ ನಾನೇ ಕಣ್ಣಾರೆ ನೋಡಿ ಎಣಿಸಿದ್ದೇನೆ.” ಅದರ ಕೆಳಗೆ ಸಹಿ.

ಎರಡು ವರ್ಷ ನಮ್ಮ ಬೇಲುಗಳು ಕಚೇರಿಯ ಬೆನ್ನಿಗಿದ್ದ ಗೋದಾಮಿನಲ್ಲೇ ಇದ್ದವು. ಕಳೆದ ವರ್ಷ ಅದು ನಿಮ್ಮ ಮಾನ್ಯತೆಯ ಪಟ್ಟಿಯಿಂದ ಹೋಯಿತು. ಈಗ ಉಳಿದದ್ದು ಮಾನ್ವಿಯದು ಮಾತ್ರ. ಸಿರವಾರದಲ್ಲಿ ಬಸ್ಸು ಬದಲಿಸಿ ಹೋಗಿಬರಲು ಇಡೀ ದಿನ ಬೇಕು. ನಮ್ಮಂಥವರಲ್ಲಿ ಹಲವರು ನೋಡದೆಯೇ ಸಹಿ ಮಾಡುತ್ತಾರೆ. ಆಗದ ಕೆಲಸವನ್ನು ದಿನಾ ಮಾಡಿದ್ದೇವೆ ಎಂದು ಬರೆಸಿಕೊಳ್ಳುವ ಈ ನಮೂನೆಯನ್ನು ವಾರಕ್ಕೊಮ್ಮೆ ಮಾಡಿ, ಅಥವಾ ಗೋದಾಮಿನವರ ಸಹಿಯನ್ನು ಒಪ್ಪಿಕೊಳ್ಳಿ.

ತಮ್ಮ ವಿಶ್ವಾಸಿ,
ವೃಂದಾ ದೇಸಾಯಿ

*

ಮುಂಬಯಿ
20 ಜೂನ್ 2025

ವೃಂದಾ,

ನಿನ್ನ ಅಭಿಪ್ರಾಯ ಮೂವತ್ತೊಂದನೆಯದಾಗಿ ದಾಖಲಾಗಿ ನನ್ನ ಮೇಜಿಗೆ ಬಂತು. ನಿಯಮಪಾಲನೆ ವಿಭಾಗಕ್ಕೆ ಬರೆದರೆ ಅದನ್ನು ಬಿಚ್ಚುವವನು ನಿನ್ನಪ್ಪ ಎಂದು ನಿನಗೆ ಗೊತ್ತಿದ್ದೇ ಬರೆದಿರಬೇಕು. ಕಚೇರಿಯ ಪರವಾಗಿ ಇದಕ್ಕೆ ಉತ್ತರ ಕೊಡಲಾರೆ. ನನ್ನ ನಂಬರನ್ನು ನೀನು ಮೂರು ವರ್ಷದಿಂದ ತಡೆದಿಟ್ಟಿದ್ದೀ. ಹಾಗಾಗಿ ಅಂಚೆ.

ಆ ಸಾಲು ಬರೆದವನು ನಾನೇ. ಎಂಟು ವರ್ಷದ ಕೆಳಗೆ ಒಂದು ಗೋದಾಮಿಗೆ ತಪಾಸಣೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಕಾಗದದಲ್ಲಿ ಒಂಬೈನೂರು ಬೇಲುಗಳಿದ್ದವು. ಬಾಗಿಲು ತೆಗೆಸಿದರೆ ಮುಂದಿನ ಸಾಲಿನ ಹಿಂದೆ ಬಿದಿರಿನ ಅಟ್ಟಣಿಗೆ, ಅದರ ಹಿಂದೆ ಗಾಳಿ. ಆರು ತಿಂಗಳಿಂದ ಅಲ್ಲಿ ಹತ್ತಿಯೇ ಇರಲಿಲ್ಲ. ಬೆಳೆದವರು ಹೊರಗೆ ಮರದ ಕೆಳಗೆ ಕೂತಿದ್ದರು. ಅವರಿಗೆ ಯಾರು ಹೇಳಬೇಕು ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ತಿರುಗಿ ಬಂದು ಆ ನಮೂನೆ ಬರೆದೆ. ‘ಪರಿಶೀಲಿಸಿದ್ದೇನೆ’ ಎಂದಿತ್ತು ಮೊದಲ ಕರಡಿನಲ್ಲಿ. ಅದನ್ನು ಹೊಡೆದು ‘ಕಣ್ಣಾರೆ’ ಸೇರಿಸಿದೆ. ಕೂತಲ್ಲಿಂದ ಸಹಿ ಮಾಡುವವನ ಕೈ ಆ ಶಬ್ದಕ್ಕಾದರೂ ಒಮ್ಮೆ ನಿಲ್ಲಲಿ ಎಂದು.

‘ಹಲವರು ನೋಡದೆಯೇ ಸಹಿ ಮಾಡುತ್ತಾರೆ’ ಎಂದು ಬರೆದಿದ್ದೀ. ಆ ಹಲವರಲ್ಲಿ ನೀನೂ ಇದ್ದೀಯೋ ಎಂದು ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ಅಭಿಪ್ರಾಯಗಳನ್ನೆಲ್ಲ ಹೆಸರು ಸಮೇತ ಪ್ರಕಟಿಸುತ್ತೇವೆ, ಅದು ನೆನಪಿರಲಿ.

ತಂಗಿ ತುಳಸಿಯ ಮಂಡಿನೋವು ಹೇಗಿದೆ? ರಾಯಚೂರಿನ ಅವಳ ಮನೆಯಿಂದ ದೇವದುರ್ಗಕ್ಕೆ ದಿನಾ ಓಡಾಡುತ್ತೀಯೋ, ಅಲ್ಲೇ ಕೋಣೆ ಮಾಡಿದ್ದೀಯೋ ಎಂಬುದೂ ನನಗೆ ಗೊತ್ತಿಲ್ಲ.

ಆಶೀರ್ವಾದಗಳೊಂದಿಗೆ,
ನರಸಿಂಹ

*

ರಾಯಚೂರು
4 ಜುಲೈ 2025

ಅಪ್ಪಾ,

ಹೇಳಬೇಡ ಎಂದಿರಿ. ಅದಕ್ಕೇ ಹೇಳುತ್ತಿದ್ದೇನೆ.

ಡಿಸೆಂಬರ್ ಇಪ್ಪತ್ತರಿಂದ ಮೊದಲ ಹತ್ತೊಂಬತ್ತು ದಿನ ನಾನೇ ಮಾನ್ವಿಗೆ ಹೋದೆ. ನಾನೂರ ಹನ್ನೆರಡು ಬೇಲುಗಳು. ಎಣಿಸಿದೆ, ಏಣಿ ಹತ್ತಿ ಚಿತ್ರ ತೆಗೆದೆ, ಸಹಿ ಮಾಡಿದೆ. ತಿರುಗಿ ಬರುವಷ್ಟರಲ್ಲಿ ದೇವದುರ್ಗದ ಕಚೇರಿಗೆ ಬೀಗ ಬಿದ್ದಿರುತ್ತಿತ್ತು. ಉಳಿದ ಹತ್ತು ನಮೂನೆಗಳು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ. ಇಪ್ಪತ್ತನೆಯ ದಿನ ಗೋದಾಮಿನ ಮಲ್ಲೇಶ ತಾನೇ ಕೇಳಿದ. ಮೂವತ್ತೆಂಟರ ಗಟ್ಟಿ ಆಳು, ಬೇಲುಗಳ ಲೆಕ್ಕ ಅವನ ಬೆರಳ ತುದಿಯಲ್ಲಿ. ತಾನು ಎಣಿಸಿ ಫೋಟೊ ಕಳಿಸುತ್ತೇನೆ, ನೀವು ಯಾಕೆ ಬಸ್ಸಿನಲ್ಲಿ ಸಾಯುತ್ತೀರಿ ಎಂದ. ಗೋದಾಮಿನ ಮಾಲೀಕ ಶಿವರಾಜ ಅವರೂ ಅಲ್ಲೇ ಇದ್ದರು, ಹೂಂ ಎಂದರು. ಅಂದಿನಿಂದ ಮಲ್ಲೇಶ ನೋಡುತ್ತಾನೆ, ನಾನು ಕಣ್ಣಾರೆ ಕಂಡೆ ಎಂದು ಬರೆಯುತ್ತೇನೆ. ಇವತ್ತಿಗೆ ನೂರ ಎಪ್ಪತ್ತೆಂಟು ಸಹಿ.

ಗಾಳಿ ತುಂಬಿದ ಗೋದಾಮಿನ ಕಥೆ ನಿಜವೇ ಇರಬಹುದು. ಆದರೆ ನಮ್ಮ ಗೋದಾಮಿನಲ್ಲಿ ಹತ್ತಿ ಇದೆ. ಇಲ್ಲದಿರುವುದು ನಾನು.

ನಾಲ್ಕು ಗಂಟೆಯಾದರೆ ಕೂರಲಾಗುವುದಿಲ್ಲ. ಫೋನು ಮೇಜಿನ ಮೇಲಿಟ್ಟು ಅದರ ಸುತ್ತ ತಿರುಗುತ್ತೇನೆ. ಎಂಟು ಚಿತ್ರ ಬಂದವೇ, ಏಳೇ ಬಂದವೇ. ಊಟಕ್ಕೆ ಕೂತಾಗ, ಅತ್ತೆ ಮಾತಾಡಿಸುವಾಗಲೂ ಎಡಗೈಯಲ್ಲಿ ಎಣಿಸುತ್ತಿರುತ್ತೇನಂತೆ. ದಿನಾ ಓಡಾಡುತ್ತೇನೆ, ಕೋಣೆ ಮಾಡಿಲ್ಲ. ಅತ್ತೆಯ ಮಂಡಿ ಹಾಗೇ ಇದೆ.

ಈ ಕೆಲಸಕ್ಕೆ ಸೇರಿದಾಗ, ನನ್ನ ಪೇಟೆಯಲ್ಲಿ ವ್ಯಾಪಾರ ಮಾಡುವ ಕಂಪನಿಗೆ ಹೋಗಬೇಡ, ನನಗೆ ತೊಡಕು ಎಂದು ನೀವು ಹೇಳಿದ್ದಿರಿ. ನಿಮಗೆ ಮಗಳು ಬೇಕೋ ವಿಭಾಗ ಬೇಕೋ ಎಂದು ಕೇಳಿ ನಾನು ಫೋನಿಟ್ಟೆ. ನೀವು ಮತ್ತೆ ಮಾಡಿದಿರಿ, ನಾನು ಎತ್ತಲಿಲ್ಲ. ಈಗ ಬರೆಯುತ್ತಿರುವುದು ಅದನ್ನು ಮರೆತೆನೆಂದಲ್ಲ.

ವೃಂದಾ

*

ಮುಂಬಯಿ
16 ಜುಲೈ 2025

ವೃಂದಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಂತರ ಮಡಚಿ ಕೋಟಿನ ಒಳಜೇಬಿನಲ್ಲಿಟ್ಟೆ. ಇಂಥ ಕಾಗದ ನನ್ನ ಕೈಗೆ ಬಂದರೆ ಏನು ಮಾಡಬೇಕೆಂದು ನಾನೇ ಬರೆದ ಸುತ್ತೋಲೆ ಇದೆ. ಎರಡು ದಿನದೊಳಗೆ ವರದಿ ಮಾಡಬೇಕು. ಮಾಡಲಿಲ್ಲ.

ಸಾರಾಂಶದ ವರದಿ ನಾನೇ ಬರೆಯುತ್ತಿದ್ದೇನೆ. ನೂರ ನಾಲ್ಕು ಅಭಿಪ್ರಾಯಗಳು ಬಂದಿವೆ. ತೊಂಬತ್ತರಲ್ಲಿ ಈ ನಮೂನೆಯದೇ ಮಾತು. ಗೋದಾಮಿನ ಎಣಿಕೆದಾರನ ಸಹಿಯನ್ನು ಒಪ್ಪಬಹುದು ಎಂದು ನಾನು ಶಿಫಾರಸು ಮಾಡುತ್ತೇನೆ. ಮಂಡಳಿ ಒಪ್ಪಲು ಚಳಿಗಾಲವಾಗುತ್ತದೆ. ಅಲ್ಲಿಯವರೆಗೆ ವಾರಕ್ಕೆರಡು ಸಲವಾದರೂ ಹೋಗು. ನಿನ್ನ ಮೊದಲ ಅಭಿಪ್ರಾಯವನ್ನು ಹಿಂದಕ್ಕೆ ಪಡೆಯುವುದಿದ್ದರೆ ಈಗಲೂ ಪಡೆಯಬಹುದು. ಒಂದು ಸಾಲು ಬರೆದರೆ ಸಾಕು.

ತೊಡಕು ಎಂಬ ಶಬ್ದ ಬಳಸಿದ್ದೆ. ಹೌದು. ಆ ಬಗ್ಗೆ ಬರೆಯಬೇಕಾದದ್ದು ಇದೆ. ಇವತ್ತು ಬೇಡ.

ನರಸಿಂಹ

*

ರಾಯಚೂರು
29 ಜುಲೈ 2025

ಅಪ್ಪಾ,

ಮಲ್ಲೇಶ ಬಿದ್ದ.

ಇಪ್ಪತ್ತನೆಯ ತಾರೀಖು, ಭಾನುವಾರ. ಮಳೆ ಹನಿಯುತ್ತಿತ್ತು. ಗೋದಾಮಿಗೆ ರಜೆ, ನಿಮ್ಮ ನಮೂನೆಗೆ ರಜೆಯಿಲ್ಲ. ಅವನು ಮನೆಯಿಂದ ಬಂದು ಬಾಗಿಲು ತೆಗೆದು ಏಣಿ ಹಾಕಿದ್ದಾನೆ. ಆರು ಥಪ್ಪಿಗಳ ಚಿತ್ರ ನನಗೆ ಬಂದವು, ಕೊನೆಯದು ನಾಲ್ಕು ಗಂಟೆ ಎಂಟು ನಿಮಿಷಕ್ಕೆ. ಏಳನೆಯದು ಬರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಚಹಾ ಕುಡಿಯಲು ಹೋಗಿರಬೇಕು ಎಂದುಕೊಂಡೆ. ನನಗೆ ಬಂದದ್ದು ಸಿಟ್ಟು, ಅಪ್ಪಾ. ಐದಕ್ಕೆ ಹತ್ತು ನಿಮಿಷವೂ ಇರಲಿಲ್ಲ. ಶನಿವಾರದ ಎರಡು ಚಿತ್ರಗಳನ್ನು ಸೇರಿಸಿ, ಕಣ್ಣಾರೆ ನೋಡಿ ಎಣಿಸಿದ್ದೇನೆ ಎಂಬುದರ ಕೆಳಗೆ ಸಹಿ ಹಾಕಿ ಕಳಿಸಿದೆ. ಆಮೇಲೆ ಅತ್ತೆ ಹುರಿದ ಮಂಡಕ್ಕಿ ತಿಂದೆ.

ಆ ಹೊತ್ತಿಗೆ ಅವನು ಏಳನೆಯ ಥಪ್ಪಿಯ ಬುಡದಲ್ಲಿ ನೆಲದ ಮೇಲಿದ್ದ. ಸೊಂಟದ ಎಲುಬು ಮುರಿದಿತ್ತು. ಫೋನು ಮೂರು ಮಾರು ದೂರ ಹಾರಿ ಬಿದ್ದಿತ್ತು. ಅದು ಬಡಿದುಕೊಳ್ಳುವುದು ಅವನಿಗೆ ಕೇಳುತ್ತಿತ್ತು. ನನ್ನ ಎರಡು ಕರೆಗಳನ್ನೂ ಅವನು ಕೇಳಿಸಿಕೊಂಡಿದ್ದಾನೆ. ಆರು ಗಂಟೆಗೆ ಕಾವಲಿನವನು ಬಂದಾಗಲೇ ಅವನನ್ನು ಎತ್ತಿದ್ದು.

ರಾಯಚೂರಿನ ಆಸ್ಪತ್ರೆಯಲ್ಲಿದ್ದಾನೆ. ಈಗ ಮಾನ್ವಿಗೆ ನಾನೇ ಹೋಗಿ ಎಣಿಸುತ್ತೇನೆ, ಸಂಜೆ ದಿನಾ ಆಸ್ಪತ್ರೆಗೆ ಹೋಗುತ್ತೇನೆ. ಅವನ ಹೆಂಡತಿ ಸುನಂದಾ ಸ್ಟೂಲು ಬಿಟ್ಟುಕೊಡುತ್ತಾಳೆ, ನಾನು ಕೂರುವುದಿಲ್ಲ.

ಇನ್ನು ಕೇಳಿ. ಚಿಕಿತ್ಸೆ, ಪಗಾರ ಮಾಲೀಕರದು ಎಂದು ಸುನಂದಾ ಕಾರ್ಮಿಕ ಅಧಿಕಾರಿಯ ಬಳಿ ಹೋದಳು. ಶಿವರಾಜ ಅವರು ನಾನು ಕಳಿಸಿದ ನಮೂನೆಯ ಪ್ರತಿಯನ್ನೇ ಅಲ್ಲಿ ತೋರಿಸಿದ್ದಾರೆ. ಅವತ್ತು ಎಣಿಕೆ ಮಾಡಿದ್ದು ವೃಂದಾ ಮೇಡಂ, ಇಲ್ಲಿದೆ ಅವರ ಸಹಿ, ರಜೆಯ ದಿನ ಇವನಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಯಾಕೆ ಹತ್ತಿದ್ದನೋ ಇವನನ್ನೇ ಕೇಳಿ ಎಂದಿದ್ದಾರೆ. ಕಾಗದದ ಪ್ರಕಾರ ಏಣಿ ಹತ್ತಿದವಳು ನಾನು. ಮಲ್ಲೇಶ ಅಲ್ಲಿರಲೇ ಇಲ್ಲ.

ಆಗಸ್ಟ್ ಹನ್ನೊಂದಕ್ಕೆ ವಿಚಾರಣೆ. ನನ್ನನ್ನೂ ಕರೆದಿದ್ದಾರೆ. ಸಹಿ ಸುಳ್ಳು ಎಂದು ಅಲ್ಲಿ ಹೇಳಿದರೆ ನಿಮ್ಮ ಪೇಟೆ ನಮ್ಮ ಕಂಪನಿಯನ್ನು ಏನು ಮಾಡುತ್ತದೆ? ಮಗಳಾಗಿ ಕೇಳುತ್ತಿಲ್ಲ. ಸಾರ್ವಜನಿಕರಲ್ಲಿ ಒಬ್ಬಳಾಗಿ ಕೇಳುತ್ತಿದ್ದೇನೆ. ಬೇಗ ಬರೆಯಿರಿ.

ವೃಂದಾ

*

ಮುಂಬಯಿ
3 ಆಗಸ್ಟ್ 2025

ವೃಂದಾ,

ಕೇಳಿದ್ದಕ್ಕೆ ಮೊದಲು ಉತ್ತರ. ಸುಳ್ಳು ದೃಢೀಕರಣ ಒಪ್ಪಿಕೊಂಡವರ ಸಹಿಯ ಹಕ್ಕು ಹೋಗುತ್ತದೆ. ತನಿಖೆ ಮುಗಿಯುವವರೆಗೆ ಕಂಪನಿ ಪೇಟೆಯಲ್ಲಿ ಮಾರುವಂತಿಲ್ಲ. ಸಾಮಾನ್ಯವಾಗಿ ಮೂರು ತಿಂಗಳು. ಅಂದರೆ ನಿಮ್ಮ ಹೊಸ ಹತ್ತಿ ಬಿಡಿಸುವ ಹೊತ್ತು.

ಈಗ ಯಾರೂ ನನ್ನಿಂದ ನಿರೀಕ್ಷಿಸದ ಮಾತು. ಅವತ್ತು ನೀನು ಮಾನ್ವಿಗೆ ಹೋಗಿದ್ದೆ, ಚಿತ್ರ ತೆಗೆಯಲು ಮಲ್ಲೇಶನನ್ನು ಏಣಿ ಹತ್ತಿಸಿದೆ ಎಂದು ಹೇಳು. ಅವನು ಕೆಲಸದ ಮೇಲಿದ್ದ ಎಂದಾಗುತ್ತದೆ. ನಿನ್ನ ಸಹಿಯೂ ನಿಲ್ಲುತ್ತದೆ. ಕಂಪನಿಯೂ ಉಳಿಯುತ್ತದೆ. ಅಳೆದು ನೋಡಿದೆ, ಇದರಿಂದ ಯಾರಿಗೂ ಹಾನಿ ಕಾಣುವುದಿಲ್ಲ.

ಮೂವತ್ತು ವರ್ಷ ಇಂಥ ಮಾತನ್ನು ಹಿಡಿಯುವ ಕೆಲಸ ಮಾಡಿದವನು ಇದನ್ನು ಹೇಗೆ ಬರೆದೆ ಎಂದು ನಿನಗೆ ಅನ್ನಿಸುತ್ತದೆ. ಆ ಕಾರಣವನ್ನೂ ಹೇಳಿಬಿಡುತ್ತೇನೆ. ಪ್ರತಿ ಏಪ್ರಿಲ್‌ನಲ್ಲಿ ನಾವೆಲ್ಲ ಒಂದು ಘೋಷಣೆ ತುಂಬಬೇಕು. ನಮ್ಮ ಪೇಟೆಯಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳಲ್ಲಿ ಇರುವ ರಕ್ತಸಂಬಂಧಿಗಳ ಹೆಸರು. ನಿನ್ನ ಹೆಸರು ಬರೆದರೆ ನನ್ನನ್ನು ಈ ವಿಭಾಗದಿಂದ ತೆಗೆಯುತ್ತಾರೆ. ನೀನು ಫೋನಿಟ್ಟ ಮರುವರ್ಷ ಆ ಕಾಗದದ ಮುಂದೆ ಬಹಳ ಹೊತ್ತು ಕೂತೆ. ‘ಯಾರೂ ಇಲ್ಲ’ ಎಂದು ಬರೆದೆ. ಮುಂದಿನ ವರ್ಷವೂ. ಈ ವರ್ಷ ಕೂತದ್ದೂ ಇಲ್ಲ, ಹಳೆಯದನ್ನೇ ನಕಲು ಮಾಡಿದೆ.

ನಿನ್ನ ಅಭಿಪ್ರಾಯವನ್ನು ಓದುವುದಕ್ಕೇ ನನಗೆ ಹಕ್ಕಿರಲಿಲ್ಲ.

ನರಸಿಂಹ

*

ರಾಯಚೂರು
12 ಆಗಸ್ಟ್ 2025

ಅಪ್ಪಾ,

ನೀವು ಹೇಳಿಕೊಟ್ಟದ್ದನ್ನು ನಾನು ತಳ್ಳಿಹಾಕಲಿಲ್ಲ. ಎರಡು ದಿನ ಅದನ್ನೇ ಹಿಡಿದುಕೊಂಡು ಓಡಾಡಿದೆ. ಬಸ್ಸಿನಲ್ಲಿ ಕಲ್ಮಲ ದಾಟುವಷ್ಟರಲ್ಲಿ ಪೂರ್ತಿ ಬಾಯಿಪಾಠವಾಗಿತ್ತು, ಎಷ್ಟಕ್ಕೆ ಹೊರಟೆ, ಯಾವ ಬಸ್ಸು, ಕೊಡೆ ತಂದಿದ್ದೆನೋ ಇಲ್ಲವೋ.

ನಮ್ಮ ಕಂಪನಿಯ ಅಧ್ಯಕ್ಷೆ ಗುರುಶಾಂತಮ್ಮನವರಿಗೆ ಹೇಳಿದೆ. ಅರವತ್ತೆರಡರ ಹೆಂಗಸು, ಐದೆಕರೆಯ ಹತ್ತಿ ತಾವೇ ಮಾಡಿಸುತ್ತಾರೆ. ಸುಳ್ಳು ಸಹಿಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ಮೊದಲಿಂದ ಕೊನೆಯವರೆಗೆ ಕೇಳಿ, ಮೂರು ತಿಂಗಳು ಎಂದರೆ ದೀಪಾವಳಿ ಕಳೆಯಿತು ಅನ್ನು ಎಂದರು. ಆಮೇಲೆ ಕೇಳಿದರು:

“ಆ ಹುಡುಗನ ಕೇಳಿಯೇನವ್ವ? ಬಿದ್ದಾಂವ ಅಂವ.”

ಕೇಳಿರಲಿಲ್ಲ. ನಿಮಗೂ ನನಗೂ ಅದು ಹೊಳೆದಿರಲಿಲ್ಲ.

ಇಬ್ಬರೂ ಆಸ್ಪತ್ರೆಗೆ ಹೋದೆವು. ಮಲ್ಲೇಶ ಅಂಗಾತ ಮಲಗಿದ್ದ, ಕಾಲಿಗೆ ತೂಕ ಕಟ್ಟಿದ್ದರು. ನಾನು ಅಲ್ಲಿದ್ದೆ ಎಂದು ಹೇಳುತ್ತೇನೆ, ನೀನೂ ಹಾಗೇ ಹೇಳು, ಎಲ್ಲಾ ಸರಿಹೋಗುತ್ತದೆ ಎಂದೆ.

“ನೀವು ಅಲ್ಲೇ ಇದ್ರಿ ಅಂದ್ರ, ನಾ ಎರಡು ತಾಸು ಯಾಕ ಬಿದ್ದಿದ್ನಿ ಅಂತ ಕೇಳ್ತಾರಲ್ರೀ ಮೇಡಂ. ಬಿಟ್ಟು ಹೋದ್ರು ಅಂತ ಹೇಳ್ಲೇನು?” ಎಂದ. ಆಮೇಲೆ, “ನೀವು ಹಂಗ ಹೋಗೋರಲ್ಲ. ಇರಲಿಲ್ಲ, ಅಷ್ಟ. ಇರಲಿಲ್ಲ ಅಂತ ಹೇಳ್ರಿ.”

ಗುರುಶಾಂತಮ್ಮನವರು ಸೆರಗಿನಿಂದ ಅವನ ಹಣೆ ಒರೆಸಿದರು. ಹೊರಗೆ ಬಂದು, ಕಂಪನಿ ಸಭೆ ಕರೆದು ತಾವೇ ಮಂದಿಗೆ ಹೇಳುವುದಾಗಿ, ಬೈಗುಳ ತಿನ್ನುವ ಕೆಲಸ ನನಗೆ ಬೇಡವೆಂದರು. ಬೈಗುಳ ತಿಂದದ್ದೂ ಆಯಿತಂತೆ. ಒಬ್ಬರು ಸದಸ್ಯರು, ಮಿಲ್ಲಿನವರು ಈಗ ಕೇಳಿದ ದರಕ್ಕೆ ಕೊಡಬೇಕಾಗುತ್ತದಲ್ಲ, ಓದಿದ ಹುಡುಗಿಯನ್ನು ಇಟ್ಟುಕೊಂಡದ್ದಕ್ಕೆ ಇದು ಫಲವೇ ಎಂದು ಕೇಳಿದರಂತೆ.

ನಿನ್ನೆ ವಿಚಾರಣೆಯಲ್ಲಿ ನಿಜ ಹೇಳಿದೆ. ಮಾತಾಡಿದ್ದು ಐದು ನಿಮಿಷವೂ ಇಲ್ಲ. ಅಧಿಕಾರಿ ತಲೆಯೆತ್ತದೆ ಬರೆದುಕೊಂಡರು. ಇವತ್ತು ಬೆಳಿಗ್ಗೆ ನಿಮ್ಮ ಪ್ರಕಟಣೆಯ ಪುಟದಲ್ಲಿ ಇದನ್ನೂ ಸೇರಿಸಿದೆ. ಅಂಚೆಯಲ್ಲಿ ಪ್ರತಿ ನಿಮಗೆ:

“ಜೂನ್ ಒಂಬತ್ತರ ನನ್ನ ಅಭಿಪ್ರಾಯದಲ್ಲಿ ‘ಹಲವರು’ ಎಂದು ಬರೆದಿದ್ದೆ. ಅವರಲ್ಲಿ ನಾನೊಬ್ಬಳು. ಜನವರಿ ಎಂಟರಿಂದ ಜುಲೈ ಇಪ್ಪತ್ತರವರೆಗೆ ನೂರ ತೊಂಬತ್ತನಾಲ್ಕು ದಿನ ನಾನು ನೋಡದ ದಾಸ್ತಾನನ್ನು ನೋಡಿದ್ದೇನೆ ಎಂದು ಸಹಿ ಮಾಡಿದ್ದೇನೆ. ಅಷ್ಟೂ ದಿನ ಎಣಿಸಿದವರು ಮಲ್ಲೇಶ. ಈ ನಮೂನೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ್ದೀರಿ. ನನಗೆ ಹನ್ನೆರಡು ನಿಮಿಷ. ಅವರಿಗೆ ಎಷ್ಟು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ನಮೂನೆಯಲ್ಲಿ ಅವರ ಹೆಸರಿಗೆ ಜಾಗವಿಲ್ಲ.”

‘ಯಾರೂ ಇಲ್ಲ’ ಎಂಬುದರ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅತ್ತೆಗೆ ಹೇಳಿಲ್ಲ.

ವೃಂದಾ

*

ದೇವದುರ್ಗ
6 ಅಕ್ಟೋಬರ್ 2025

ಅಪ್ಪಾ,

ಎಂಟು ವಾರವಾಯಿತು, ನಿಮ್ಮಿಂದ ಒಂದು ಕಾಗದವಿಲ್ಲ.

ನೀವು ಹೇಳಿದ್ದೆಲ್ಲ ಹೇಳಿದ ಹಾಗೆಯೇ ಬಂತು. ಆಗಸ್ಟ್ ಕೊನೆಗೆ ನನ್ನ ಸಹಿಯ ಹಕ್ಕು ಹೋಯಿತು. ಕಂಪನಿಯ ಮಾರಾಟ ನಿಂತಿದೆ. ಆದೇಶದ ಕೆಳಗಿರುವ ಹೆಸರು ನಿಮ್ಮದಲ್ಲ. ಯಾರದೋ ಹೊಸಬರದು. ಕಚೇರಿಗೆ ದಿನಾ ಬರುತ್ತೇನೆ. ಮಾಡುವುದಕ್ಕೆ ಏನೂ ಇಲ್ಲ. ಹಳೆಯ ಕಡತಗಳ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ನಾಲ್ಕು ಗಂಟೆಗೆ ಈಗಲೂ ಎದ್ದು ನಿಲ್ಲುತ್ತೇನೆ. ಹತ್ತಿ ಬಿಡಿಸುವುದು ಶುರುವಾಗಿದೆ. ಹೊಲದಿಂದ ಬಂದವರು ಕಿಟಕಿಯಲ್ಲಿ ಇಣುಕಿ, ಮಾರಾಟ ಮತ್ತೆ ತೆಗೆದರೇನು ಎಂದು ಕೇಳಿ ಹೋಗುತ್ತಾರೆ.

ಶಿವರಾಜ ಅವರು ಹೊಸ ವಾದ ಹೂಡಿದ್ದಾರೆ. ನನ್ನ ಫೋನಿನಲ್ಲಿರುವ ಚಿತ್ರಗಳು ಯಾವ ದಿನದವೋ ಏನೋ, ತನ್ನ ತಪ್ಪು ಮುಚ್ಚಲು ಮೇಡಂ ಈಗ ಕಥೆ ಕಟ್ಟುತ್ತಿದ್ದಾರೆ, ಒಮ್ಮೆ ಸುಳ್ಳು ಬರೆದವರು ಮತ್ತೆ ಬರೆಯುವುದಿಲ್ಲವೇ ಎಂದಿದ್ದಾರೆ. ಸಿಟ್ಟು ಬರಬೇಕಿತ್ತು. ಮಾತು ನ್ಯಾಯವಾಗಿಯೇ ಇದೆ ಅನ್ನಿಸಿತು. ಮುಂದಿನ ವಿಚಾರಣೆ ನವೆಂಬರ್ ಇಪ್ಪತ್ತೊಂದಕ್ಕೆ.

ಮಲ್ಲೇಶ ಮನೆಗೆ ಬಂದಿದ್ದಾನೆ. ಗೋಡೆ ಹಿಡಿದು ಒಳಗಿಂದ ಪಡಸಾಲೆಯವರೆಗೆ ನಡೆಯುತ್ತಾನೆ. ಭಾನುವಾರಗಳಲ್ಲಿ ಮಾನ್ವಿಗೆ ಹೋಗುತ್ತೇನೆ. ಸುನಂದಾ ಈಗ ಅಕ್ಕಿ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾಳೆ. ನನ್ನೊಡನೆ ಮಾತು ಕಡಿಮೆ.

ಮೊನ್ನೆ ನಿಮ್ಮ ನಂಬರಿಗೆ ಫೋನು ಮಾಡಿದೆ. ಚಾಲ್ತಿಯಲ್ಲಿಲ್ಲ ಎಂದು ಬಂತು. ಕಚೇರಿಗೆ ಮಾಡಿದೆ. ಫೋನೆತ್ತಿದ ಹುಡುಗಿ, ದೇಸಾಯಿಯವರು ಈಗ ಈ ವಿಭಾಗದಲ್ಲಿಲ್ಲ, ತಾವು ಯಾರು ಎಂದು ಕೇಳಿದಳು. ಫೋನಿಟ್ಟುಬಿಟ್ಟೆ.

ಆರೋಗ್ಯವಾಗಿದ್ದೀರಿ ತಾನೇ? ಅದೊಂದನ್ನಾದರೂ ಬರೆಯಿರಿ.

ವೃಂದಾ

*

ಭಿವಂಡಿ
17 ಅಕ್ಟೋಬರ್ 2025

ಮಗಳೇ,

ಆರೋಗ್ಯವಾಗಿದ್ದೇನೆ. ಆ ಫೋನು ಕಚೇರಿಯದು, ವಾಪಸು ತೆಗೆದುಕೊಂಡರು. ಹೊಸ ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ.

ನಿನ್ನ ಎರಡನೆಯ ಅಭಿಪ್ರಾಯ ಪ್ರಕಟವಾದ ದಿನ ನಾನು ನನ್ನ ಘೋಷಣೆಯನ್ನು ತಿದ್ದಿ ಕೊಟ್ಟೆ. ಸಂಬಂಧಿಯ ಹೆಸರು: ವೃಂದಾ. ಸಂಬಂಧ: ಮಗಳು. ಮೂರು ವರ್ಷ ಯಾಕೆ ಬರೆಯಲಿಲ್ಲ ಎಂಬುದಕ್ಕೆ ಅರ್ಧ ಪುಟದ ಜಾಗವಿತ್ತು. ಎರಡು ಸಾಲಿನಲ್ಲಿ ಮುಗಿಯಿತು. ಜುಲೈನಲ್ಲಿ ಜೇಬಿಗಿಳಿಸಿದ್ದ ನಿನ್ನ ಪತ್ರವನ್ನೂ ಅದರ ಜೊತೆ ಇಟ್ಟೆ. ನಿನ್ನನ್ನು ಕೇಳದೆ ಇಟ್ಟೆ. ಆಗಸ್ಟ್ ಮೂರರಂದು ನಾನು ನಿನಗೆ ಬರೆದದ್ದನ್ನೂ ಬಾಯಿಂದ ಹೇಳಿದೆ. ತನಿಖೆ ನಡೆಯುತ್ತಿದೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ, ಅಷ್ಟರೊಳಗೆ ಮುಗಿಸುತ್ತಾರೋ ಇಲ್ಲವೋ. ತನಿಖೆಯಲ್ಲಿರುವವನು ಸಾಕ್ಷಿದಾರರಿಗೆ ಬರೆಯಬಾರದು ಎಂದಿದ್ದರು. ಕಳೆದ ವಾರ ನನ್ನ ಹೇಳಿಕೆ ಮುಗಿಯಿತು, ಈಗ ಬರೆಯಬಹುದು.

ನನ್ನನ್ನು ಇಲ್ಲಿಯ ದಾಖಲೆ ಉಗ್ರಾಣಕ್ಕೆ ಹಾಕಿದ್ದಾರೆ. ದೇಶದೆಲ್ಲೆಡೆಯಿಂದ ಬಂದ ನಮೂನೆಗಳು ಕೊನೆಗೆ ಸೇರುವುದು ಇಲ್ಲಿಗೆ. ಎಂಟು ವರ್ಷದಲ್ಲಿ ನಾನು ಇಲ್ಲಿಗೆ ಬಂದದ್ದೇ ಇಲ್ಲ. ಮೊದಲ ವಾರವೇ ನಿನ್ನವನ್ನು ಹುಡುಕಿದೆ. ಪ್ರತಿ ಚಿತ್ರವನ್ನು ಯಾರು, ಎಷ್ಟು ಸಲ ತೆರೆದರು ಎಂದು ಯಂತ್ರ ಲೆಕ್ಕವಿಡುತ್ತದೆ. ನೀನು ಕಳಿಸಿದವುಗಳ ಮುಂದೆ ಎಲ್ಲಾ ಸೊನ್ನೆ. ನಾನು ತೆರೆದಾಗ ಒಂದಾಯಿತು. ಬೇರೆ ಕಂಪನಿಗಳವನ್ನೂ ನೋಡಿದೆ. ಅಲ್ಲೂ ಸೊನ್ನೆಗಳೇ. ಕೂತಲ್ಲಿಂದ ಸಹಿ ಮಾಡುವವರನ್ನು ತಡೆಯಲು ಆ ಸಾಲು ಬರೆದಿದ್ದೆ ಎಂದು ನಿನಗೆ ಬರೆದಿದ್ದೆನಲ್ಲ. ಕೂತಲ್ಲಿಂದ ತೆಗೆದುಕೊಂಡವರು ನಾವು.

ನಾನು ಈಗ ಅವನ್ನೆಲ್ಲ ನೋಡಿದ್ದೇನೆ. ಒಂದರಲ್ಲಿ ಏಣಿಯ ಕಾಲಿನ ಕೆಳಗೆ ಗೋಣಿಚೀಲ ಮಡಚಿ ಇಟ್ಟದ್ದು ಕಾಣುತ್ತದೆ. ಏಪ್ರಿಲ್ ಇಡೀ ಬೆಳಗಿನ ಬಿಸಿಲಿಗೆ ಮೊದಲೇ ತೆಗೆದಿದ್ದಾನೆ, ತಗಡಿನ ಕೆಳಗಿನ ಕಾವಿಗೆ ಹೆದರಿ ಇರಬೇಕು. ಬಿಲ್ಲೆಗಳು ಎಲ್ಲೂ ಮಸುಕಾಗಿಲ್ಲ. ನನ್ನ ತಪಾಸಣೆಗಾರರು ಇಷ್ಟು ಚೆನ್ನಾಗಿ ತೆಗೆದದ್ದು ನಾನು ಕಂಡಿಲ್ಲ.

ಇನ್ನು ಕೆಲಸದ ಮಾತು. ಚಿತ್ರದೊಳಗೇ ತೆಗೆದ ಹೊತ್ತು, ತೆಗೆದ ಫೋನಿನ ಗುರುತು ಇರುತ್ತವೆ. ಜುಲೈ ಇಪ್ಪತ್ತರ ಆರು ಚಿತ್ರಗಳು ಮಧ್ಯಾಹ್ನ ಮೂರು ಐವತ್ತೊಂದರಿಂದ ನಾಲ್ಕು ಎಂಟರವರೆಗೆ ಮಲ್ಲೇಶನ ಫೋನಿನಿಂದ ತೆಗೆದವು. ಅದೇ ದಿನ ನಾಲ್ಕು ಐವತ್ತೆರಡಕ್ಕೆ ನಮ್ಮಲ್ಲಿ ದಾಖಲಾಗಿವೆ. ಆಮೇಲೆ ಕಟ್ಟಿದ ಕಥೆಯಾಗಲು ಸಾಧ್ಯವಿಲ್ಲ. ಜನವರಿಯಿಂದ ದಿನಾ ಅದೇ ಫೋನು. ದೃಢೀಕೃತ ಪ್ರತಿಗಾಗಿ ಅರ್ಜಿ ಹಾಕಿದೆ, ಅನುಮತಿ ಬಂತು. ಅಂಚೆಗೆ ಹಾಕುವುದಿಲ್ಲ. ಉಗ್ರಾಣದ ಅಧಿಕಾರಿಯಾಗಿ ನಾನೇ ತಂದು ಸಾಕ್ಷಿ ಹೇಳುತ್ತೇನೆ. ನವೆಂಬರ್ ಇಪ್ಪತ್ತೊಂದರಂದು ಬೆಳಿಗ್ಗೆ ಹನ್ನೊಂದಕ್ಕೆ. ಅದೇ ಸಂಜೆಯ ರೈಲಿಗೆ ಹಿಂದಿರುಗಬೇಕು. ಒಂದೇ ದಿನದ ಅನುಮತಿ.

ನಿನ್ನ ಅಪ್ಪ

*

ರಾಯಚೂರು
22 ನವೆಂಬರ್ 2025

ಅಪ್ಪಾ,

ನೀವು ರೈಲಿಗೆ ಹೊರಟ ಮೇಲೆ ನಡೆದದ್ದನ್ನು ನಿಮಗೆ ಹೇಳಲೇಬೇಕು. ಫೋನಿನಲ್ಲಿ ಹೇಳಬಹುದಿತ್ತು. ನಂಬರನ್ನು ಬರೆದಿಟ್ಟುಕೊಂಡಿದ್ದೇನೆ. ಆದರೆ ಇದನ್ನು ಬರೆಯೋಣ ಅನ್ನಿಸಿತು.

ಮೊದಲಿಗೆ, ನಿನ್ನೆ ನಿಮ್ಮನ್ನು ನೋಡಿದಾಗ ನಮಸ್ಕಾರ ಮಾಡುವುದನ್ನೇ ಮರೆತೆ. ನೀವು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಿರಿ, ಸರಕಾರಿ ಕಚೇರಿಯಲ್ಲಿ ಚಪ್ಪಲಿ ಬಿಡುತ್ತಾರೆಯೇ ಎಂದು ನಾನು ನೋಡುತ್ತ ನಿಂತೆ. ತಲೆ ಪೂರ್ತಿ ಬೆಳ್ಳಗಾಗಿದೆ. ಸಾಕ್ಷಿ ಹೇಳುವಾಗ ಶಿವರಾಜ ಅವರ ಕಡೆಯವರು, ನೀವು ಈಕೆಗೆ ಏನಾಗಬೇಕು ಎಂದು ಕೇಳಿದರಲ್ಲ, ನೀವು ಉತ್ತರ ಹೇಳುವಷ್ಟೂ ಹೊತ್ತು ನಾನು ಮೇಜಿನ ಅಂಚನ್ನು ಹಿಡಿದಿದ್ದೆ. ಊಟದ ಬಿಡುವಿನಲ್ಲಿ ಇಬ್ಬರೂ ಮಳೆ, ರೈಲು, ಅತ್ತೆಯ ಮಂಡಿ ಅಷ್ಟನ್ನೇ ಮಾತಾಡಿದೆವು. ಡಬ್ಬಿಯ ಅವಲಕ್ಕಿಗೆ ಉಪ್ಪು ಹೆಚ್ಚಾಗಿತ್ತು, ನೀವು ಹೇಳಲಿಲ್ಲ.

ನೀವು ಮೂರೂವರೆಗೆ ಹೊರಟಿರಿ. ನಾಲ್ಕಕ್ಕೆ ಅಧಿಕಾರಿ ಎಲ್ಲರನ್ನೂ ಒಳಗೆ ಕರೆದರು. ಮಲ್ಲೇಶ ಅವತ್ತು ಕೆಲಸದ ಮೇಲೆಯೇ ಇದ್ದ, ರಜೆಯ ದಿನವೂ ಆ ಎಣಿಕೆ ಗೋದಾಮಿನ ವಾಡಿಕೆಯೇ ಆಗಿತ್ತು, ಚಿಕಿತ್ಸೆಯೂ ಪರಿಹಾರವೂ ಮಾಲೀಕರದು ಎಂದರು. ನಿಮ್ಮ ಪ್ರತಿಗಳು ಮೇಜಿನ ಮೇಲೆಯೇ ಇದ್ದವು. ಸುನಂದಾ ಒಮ್ಮೆ ನನ್ನ ಕಡೆ ನೋಡಿದಳು. ಕ್ಷಮಿಸಿದಳೆಂದು ನಾನು ಬರೆಯಲಾರೆ. ನೋಡಿದಳು.

ಕಂಪನಿಗೆ ಮೊನ್ನೆಯಿಂದ ಮಾರಾಟ ತೆರೆದಿದೆ. ಅಷ್ಟರಲ್ಲಿ ಅರ್ಧ ಮನೆಗಳ ಹತ್ತಿ ಮಿಲ್ಲಿನವರು ಕೇಳಿದ ದರಕ್ಕೆ ಕೈಬಿಟ್ಟು ಹೋಗಿತ್ತು. ನನಗೆ ಒಂದು ವರ್ಷ ಸಹಿ ಇಲ್ಲ. ಗುರುಶಾಂತಮ್ಮನವರು ಕೆಲಸದಿಂದ ತೆಗೆಯಲಿಲ್ಲ. ಸಹಿ ಹೋದರೆ ಹೋಗಲಿ, ಕಾಲಿದೆಯಲ್ಲ ಎಂದರು. ವಾರದಲ್ಲಿ ಮೂರು ದಿನ ಮಾನ್ವಿಗೆ ಹೋಗಿ ಎಣಿಸುವುದು ಈಗ ನನ್ನದು, ಉಳಿದ ದಿನಕ್ಕೆ ಅಲ್ಲಿಯವರೇ ಒಬ್ಬರನ್ನು ಕಂಪನಿ ಪಗಾರ ಕೊಟ್ಟು ಇಟ್ಟಿದೆ. ಥಪ್ಪಿಗಳನ್ನು ಇಳಿಸಿ ಎದೆಮಟ್ಟಕ್ಕೆ ಜೋಡಿಸಿದ್ದೇವೆ. ಗೋದಾಮಿನ ಬಾಡಿಗೆ ಹೆಚ್ಚಾಯಿತು. ಮಂಡಳಿ ಇನ್ನೂ ಏನನ್ನೂ ನಿರ್ಧರಿಸಿಲ್ಲ.

ಹೇಳಬೇಕಾದದ್ದು ಇದಲ್ಲ. ಆದೇಶ ಓದಿದ ಮೇಲೆ ಗುಮಾಸ್ತರು ಮಲ್ಲೇಶನ ಹೇಳಿಕೆಯ ಹಾಳೆಗಳನ್ನು ಅವನ ಮುಂದಿಟ್ಟರು. ನಾಲ್ಕು ಪುಟ. ಇಲ್ಲಿ, ಇಲ್ಲಿ, ಕೊನೆಗೆ ಇಲ್ಲಿ ಎಂದು ಬೆರಳಿನಿಂದ ತೋರಿಸಿ ಪೆನ್ನು ಕೊಟ್ಟರು. ಅವನು ಪೆನ್ನು ಕೆಳಗಿಟ್ಟು ಮೊದಲ ಪುಟ ತೆಗೆದುಕೊಂಡ. ಏಳನೆಯ ತರಗತಿಯವರೆಗೆ ಓದಿದವನು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಆಡಿಸುತ್ತ ಓದತೊಡಗಿದ. ನೀನು ಹೇಳಿದ್ದನ್ನೇ ಬರೆದಿದ್ದೇವೆ ಎಂದರು ಗುಮಾಸ್ತರು. ಹೌದ್ರಿ ಎಂದ, ಓದುವುದನ್ನು ನಿಲ್ಲಿಸಲಿಲ್ಲ. ಐದಕ್ಕೆ ಕಚೇರಿ ಮುಚ್ಚಬೇಕು. ಶಿವರಾಜ ಅವರು ಗಡಿಯಾರ ನೋಡಿದರು. ಜವಾನ ಕಿಟಕಿ ಹಾಕಿಬಂದ. ಅಧಿಕಾರಿ ಮಾತ್ರ ಕುರ್ಚಿಗೆ ಒರಗಿ ಕೂತರು. ಸುನಂದಾ, ನಾನು, ಗುರುಶಾಂತಮ್ಮ ಎಲ್ಲರೂ ನಿಂತೇ ಇದ್ದೆವು.

ಮೂರನೆಯ ಪುಟದಲ್ಲಿ ಅವನ ಬೆರಳು ನಿಂತಿತು.

“ಇಲ್ಲಿ ನಾ ಜಾರಿ ಬಿದ್ದೆ ಅಂತ ಅದರಿ,” ಎಂದ. “ನಾ ಜಾರಲಿಲ್ರಿ. ಏಣಿ ಜಾರ್ತು.”

ಎರಡೂ ಒಂದೇ ಅಲ್ಲವೇನೋ ಎಂದರು ಗುಮಾಸ್ತರು. ಅಲ್ಲ ಎಂದು ಅವನು ತಲೆಯಾಡಿಸಿ ಕಾಯುತ್ತ ಕೂತ. ಅಧಿಕಾರಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಆ ಸಾಲನ್ನು ಹೊಡೆದು, ಮೇಲೆ ತಿದ್ದಿ ಬರೆದು, ಅಂಚಿನಲ್ಲಿ ತಮ್ಮ ಸಹಿ ಹಾಕಿ ತಿರುಗಿಸಿ ಕೊಟ್ಟರು. ಅವನು ಆ ತಿದ್ದಿದ್ದನ್ನೂ ಓದಿದ. ನಾಲ್ಕನೆಯ ಪುಟವನ್ನೂ ಓದಿ ಮುಗಿಸಿದ. ಆಮೇಲೆ ಪೆನ್ನು ಕೇಳಿದ.

ನಿಮ್ಮ ಮಗಳು,
ವೃಂದಾ